ದಾವಣಗೆರೆಯ ಒಂದು ಮಕ್ಕಳ ಶಸ್ತ್ರಚಿಕಿತ್ಸಾ ಘಟಕ: ಥಿಯೇಟರ್ ಗಟ್ಟಿ, ಕಾಗದ-ಪತ್ರ ಸಡಿಲ

ಗಂಡು ಮಗುವಿನ ಮೂತ್ರದ ತೂತು ತುದಿಯಲ್ಲಿರದೆ ಶಿಶ್ನದ ಕೆಳಮೈಯಲ್ಲಿರುವುದು, ವೃಷಣ ಚೀಲಕ್ಕೆ ಇಳಿಯದೆ ಉಳಿಯುವುದು, ಹುಟ್ಟಿದ ಕೂಸು ಗಂಡೋ ಹೆಣ್ಣೋ ಎಂದು ನೋಡಿದ ಕೂಡಲೇ ಹೇಳಲಾಗದಿರುವುದು. ಈ ಮೂರರಲ್ಲಿ ಯಾವುದಾದರೂ ಸರಿ, ದಾವಣಗೆರೆ, ಚಿತ್ರದುರ್ಗದ ಕಡೆಯವರು ಮೊದಲು ಯೋಚಿಸುವುದು ಬೆಂಗಳೂರಿನ ಬಸ್ಸನ್ನು. ಮೊದಲಿನ ಎರಡಕ್ಕೆ ಸಾಮಾನ್ಯವಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಮೂರನೆಯದಕ್ಕೆ ಹೋಗಬೇಕಾಗಬಹುದು, ಆದರೆ ಹೋಗುವ ಮೊದಲು ಇಲ್ಲೇ ಆಗಬೇಕಾದ ಕೆಲಸ ಬಹಳ ಇದೆ, ಅದೂ ಗಂಟೆಗಳ ಲೆಕ್ಕದಲ್ಲಿ. ಇಲ್ಲಿ ನಾವು ತೂಗಿ ನೋಡುತ್ತಿರುವುದು ದಾವಣಗೆರೆಯ ಒಂದು ಮಕ್ಕಳ ಶಸ್ತ್ರಚಿಕಿತ್ಸಾ ಘಟಕದ ಸೇವೆಯನ್ನು. ಹೆಸರು ಬರೆಯುತ್ತಿಲ್ಲ. ಊರಿನ ಯಾವ ಆಸ್ಪತ್ರೆಗೆ ಹೋದರೂ ತಂದೆ-ತಾಯಿ ಇವೇ ಪ್ರಶ್ನೆ ಕೇಳಬಹುದು, ಇದೇ ಅಳತೆ ಹಿಡಿದು ನೋಡಬಹುದು.

ಮೊದಲೇ ಹೇಳಿಬಿಡುತ್ತೇವೆ: ಇಲ್ಲಿನ ಆಪರೇಷನ್ ಕೆಲಸ ಒಳ್ಳೆಯದು. ಕೊರತೆ ಇರುವುದು ಆಪರೇಷನ್ನಿನ ಹಿಂದೆ ಮತ್ತು ಮುಂದೆ. ಹುಟ್ಟಿದ ದಿನ ಮಗುವನ್ನು ನೋಡುವ ಕಣ್ಣಿನಲ್ಲಿ, ಮನೆಗೆ ಕಳಿಸುವಾಗ ಕೊಡುವ ಕಾಗದದಲ್ಲಿ.

ಒಪಿಡಿಯಲ್ಲಿ ಅತಿ ಹೆಚ್ಚು ಸಮಯ ಹೋಗುವುದು "ಯಾಕೆ ಹಿಂಗಾತು?" ಎಂಬ ಪ್ರಶ್ನೆಗೆ. ಇದಕ್ಕೆ ಉತ್ತರ ಕೊಡಲು ಡಾಕ್ಟರು ಕೂತು ಒಂದು ಚಿತ್ರ ಬರೆಯುತ್ತಾರೆ. ಆ ಹತ್ತು ನಿಮಿಷವನ್ನು ನಾವು ಚಿಕಿತ್ಸೆಯ ಭಾಗ ಎಂದೇ ಎಣಿಸುತ್ತೇವೆ. ಗರ್ಭದಲ್ಲಿ ಸುಮಾರು ಏಳನೇ ವಾರದವರೆಗೆ ಗಂಡು, ಹೆಣ್ಣು ಎರಡರ ಹೊರ ಜನನಾಂಗವೂ ಒಂದೇ ತರ: ಮುಂದೆ ಒಂದು ಸಣ್ಣ ಗುಬುಟು, ಅದರ ಕೆಳಗೆ ಎರಡು ಮಡಿಕೆ, ಅವುಗಳ ಆಚೀಚೆ ಎರಡು ಉಬ್ಬು. ವೈ ಕ್ರೋಮೋಸೋಮಿನ ಮೇಲಿರುವ ಎಸ್‌ಆರ್‌ವೈ ಎಂಬ ಜೀನ್ ವೃಷಣ ಕಟ್ಟುವ ಕೆಲಸ ಶುರುಮಾಡಿಸುತ್ತದೆ. ಈ ಜೀನನ್ನು ಗುರುತಿಸಿದ್ದು 1990ರಲ್ಲಿ. ವೃಷಣ ಎಂಟು-ಒಂಬತ್ತನೇ ವಾರಕ್ಕೆ ಟೆಸ್ಟೋಸ್ಟೆರೋನ್ ಬಿಡುತ್ತದೆ. ಅದು ಚರ್ಮದ ಒಳಗೆ ಡೈಹೈಡ್ರೋಟೆಸ್ಟೋಸ್ಟೆರೋನ್ ಆಗಿ ಬದಲಾದ ಮೇಲೆಯೇ ಗುಬುಟು ಉದ್ದವಾಗಿ ಶಿಶ್ನವಾಗುವುದು, ಎರಡು ಮಡಿಕೆ ನಡುವೆ ಕೂಡಿಕೊಂಡು ಮೂತ್ರನಾಳವಾಗುವುದು, ಉಬ್ಬುಗಳು ಸೇರಿ ಚೀಲವಾಗುವುದು. ಹಾರ್ಮೋನ್ ಇಲ್ಲದಿದ್ದರೆ ಅದೇ ಗುಬುಟು ಚಂದ್ರನಾಡಿ, ಅದೇ ಮಡಿಕೆ ಒಳತುಟಿ, ಅದೇ ಉಬ್ಬು ಹೊರತುಟಿ. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ಗರ್ಭದಲ್ಲಿರುವ ಮೊಲದ ಮರಿಗಳ ವೃಷಣ ತೆಗೆದು ನೋಡಿದಾಗ, ಗಂಡಾಗಬೇಕಿದ್ದ ಮರಿಗಳ ಅಂಗಗಳು ಹೆಣ್ಣಿನ ರೂಪದಲ್ಲೇ ಬೆಳೆದವು. ಇಂದಿನ ತಿಳಿವಳಿಕೆಗೆ ತಳಪಾಯ ಹಾಕಿದ ಪ್ರಯೋಗಗಳಲ್ಲಿ ಅದೊಂದು.

ಮೂತ್ರನಾಳ ಕೂಡಿಕೊಳ್ಳುವ ಕೆಲಸ ಸುಮಾರು ಹದಿನಾಲ್ಕನೇ ವಾರಕ್ಕೆ ಮುಗಿಯುತ್ತದೆ. ನಡುವೆ ಎಲ್ಲಿ ನಿಂತಿತೋ ಅಲ್ಲೇ ತೂತು ಉಳಿಯುತ್ತದೆ, ಅದೇ ಹೈಪೋಸ್ಪೇಡಿಯಾಸ್. ಸುಮಾರು 200ರಿಂದ 300 ಗಂಡು ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಅಂದರೆ ಐದನೇ ತಿಂಗಳ ಸ್ಕ್ಯಾನಿಂಗ್ ಆಗುವ ಹೊತ್ತಿಗೆ ಆಗುವುದೆಲ್ಲ ಆಗಿ ಹೋಗಿರುತ್ತದೆ. ಏಳನೇ ತಿಂಗಳಲ್ಲಿ ಗ್ರಹಣ ಹಿಡಿದಾಗ ಸೊಸೆ ಹೊರಗೆ ಬಂದಿದ್ದಳು, ಈಳಿಗೆ ಮುಟ್ಟಿದಳು ಎಂದು ಅತ್ತೆ ದೂರುವುದಕ್ಕೆ ಕಾಲದ ಲೆಕ್ಕವೇ ಕೂಡುವುದಿಲ್ಲ. ಕಡಿಮೆ ತೂಕ, ಮಾಸು ಸರಿಯಾಗಿ ಕೆಲಸ ಮಾಡದಿರುವುದು, ತಂದೆಗೋ ಅಣ್ಣನಿಗೋ ಇದೇ ತೊಂದರೆ ಇದ್ದದ್ದು — ಇವಕ್ಕೆ ನಂಟಿದೆ. ಬಹಳ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಈ ಮಾತನ್ನು ತಾಯಿಯ ಎದುರಿಗೆ, ಅತ್ತೆಯೂ ಕೇಳುವಂತೆ ಹೇಳುವುದು ಈ ಘಟಕದ ಪದ್ಧತಿ. ನಮಗೆ ಇದು ತುಂಬ ಹಿಡಿಸಿತು.

ಪರೀಕ್ಷೆ ಮಾಡುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಅರ್ಧ ತಪ್ಪು ಇಲ್ಲೇ ಆಗುವುದು. ಮಗುವನ್ನು ಬೆಚ್ಚಗಿನ ಕೋಣೆಯಲ್ಲಿ, ತಾಯಿಯ ತೊಡೆಯ ಮೇಲೆ ಅಥವಾ ಪಕ್ಕದಲ್ಲಿ ಮಲಗಿಸಬೇಕು. ಡಾಕ್ಟರು ಬಿಸಿನೀರಲ್ಲಿ ಕೈ ತೊಳೆದು ಒರೆಸಿಕೊಳ್ಳಬೇಕು. ತಣ್ಣನೆಯ ಕೈ ತಾಗಿದರೆ ವೃಷಣ ಸರಕ್ಕನೆ ಮೇಲೆ ಹೋಗುತ್ತದೆ, "ಇಳಿದಿಲ್ಲ" ಎಂದು ಬರೆದುಬಿಡುತ್ತಾರೆ. ಬೆರಳಿಗೆ ಸ್ವಲ್ಪ ಸೋಪಿನ ನೀರು ಹಚ್ಚಿ, ಸೊಂಟದ ಮೂಳೆಯ ಮುಂತುದಿಯಿಂದ ತೊಡೆಸಂದಿಯ ಉದ್ದಕ್ಕೂ ಕೆಳಕ್ಕೆ ಸವರುತ್ತ ಬಂದರೆ, ವೃಷಣ ಬೆರಳಿನ ಕೆಳಗೆ ಜಾರಿ ಸಿಗುತ್ತದೆ. ಸಿಕ್ಕಿದ್ದನ್ನು ಚೀಲದ ತಳಕ್ಕೆ ತಂದು ಬಿಟ್ಟು ನೋಡಬೇಕು. ಅಲ್ಲೇ ನಿಂತರೆ ಅದು ಓಡಾಡುವ ವೃಷಣ. ಆಪರೇಷನ್ ಬೇಡ, ವರ್ಷಕ್ಕೊಮ್ಮೆ ನೋಡಿದರೆ ಸಾಕು. ಬಿಟ್ಟ ಕೂಡಲೇ ಮೇಲೆ ಹಾರಿದರೆ ಇಳಿಯದ ವೃಷಣ. ಸ್ವಲ್ಪ ದೊಡ್ಡ ಹುಡುಗನಾದರೆ ಚಕ್ಕಳಮಕ್ಕಳ ಕೂರಿಸಿ ನೋಡುವುದು ಇನ್ನೂ ಒಳ್ಳೆಯದು. ಇಲ್ಲಿ ಹೀಗೆಯೇ ನೋಡುತ್ತಾರೆ, ಆತುರ ಮಾಡುವುದಿಲ್ಲ.

ಇಳಿಯದ ವೃಷಣಕ್ಕೆ ಸ್ಕ್ಯಾನಿಂಗ್ ಬರೆಯದಿರುವುದೂ ಇವರ ಒಳ್ಳೆಯ ಗುಣ. ತಾಲ್ಲೂಕಿನಿಂದ ಬರುವ ಬಹುತೇಕ ಚೀಟಿಗಳ ಜೊತೆ ಸ್ಕ್ಯಾನಿಂಗ್ ರಿಪೋರ್ಟ್ ಇರುತ್ತದೆ, ದುಡ್ಡೂ ಖರ್ಚಾಗಿರುತ್ತದೆ. ಅದರಿಂದ ತೀರ್ಮಾನ ಬದಲಾಗುವುದಿಲ್ಲ: ಕೈಗೆ ಸಿಕ್ಕುವ ವೃಷಣಕ್ಕೆ ಸ್ಕ್ಯಾನ್ ಬೇಕಿಲ್ಲ, ಕೈಗೆ ಸಿಗದಿದ್ದರೆ ಸ್ಕ್ಯಾನಿನಲ್ಲಿ "ಕಾಣಲಿಲ್ಲ" ಎಂದು ಬಂದರೂ ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡಲೇಬೇಕು. ಅಮೆರಿಕದ ಯುರಾಲಜಿ ಸಂಘದ 2014ರ ಮಾರ್ಗಸೂಚಿಯೂ ದೊಡ್ಡ ಆಸ್ಪತ್ರೆಗೆ ಕಳಿಸುವ ಮುಂಚೆ ಸ್ಕ್ಯಾನ್ ಬೇಡ ಎಂದೇ ಹೇಳುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ಗಂಡು ಮಕ್ಕಳಲ್ಲಿ ನೂರಕ್ಕೆ ಒಬ್ಬರಿಂದ ನಾಲ್ವರಿಗೆ, ತಿಂಗಳು ತುಂಬುವ ಮುಂಚೆ ಹುಟ್ಟಿದವರಲ್ಲಿ ಹತ್ತಿರ ಹತ್ತಿರ ಮೂವತ್ತು ಮಂದಿಗೆ ಇದು ಇರುತ್ತದೆ. ತಾನಾಗಿ ಇಳಿಯುವುದಿದ್ದರೆ ಆರು ತಿಂಗಳೊಳಗೆ ಇಳಿಯುತ್ತದೆ. ಆರು ತಿಂಗಳು ದಾಟಿದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ. ಒಂದರಿಂದ ಒಂದೂವರೆ ವರ್ಷದೊಳಗೆ ಆಪರೇಷನ್ ಆಗಬೇಕು. ಹೊಟ್ಟೆಯ ಬಿಸಿಯಲ್ಲೇ ಉಳಿದ ವೃಷಣದಲ್ಲಿ ಮುಂದೆ ವೀರ್ಯಾಣು ಮಾಡುವ ಜೀವಕೋಶಗಳು ಕ್ಷೀಣಿಸುತ್ತವೆ, ದೊಡ್ಡವನಾದ ಮೇಲೆ ಗಡ್ಡೆಯಾಗುವ ಸಾಧ್ಯತೆಯೂ ಹೆಚ್ಚು. "ಐದು ವರ್ಷ ಆಗಲಿ, ತಾನಾಗಿ ಇಳೀತದೆ" ಎಂದು ಹೇಳಿ ಕಳಿಸಿದ ಮಕ್ಕಳು ಹೊಸದುರ್ಗ, ಜಗಳೂರು, ಚನ್ನಗಿರಿ ಕಡೆಯಿಂದ ಇಂದಿಗೂ ಬರುತ್ತಿದ್ದಾರೆ. ಇದು ಈ ಘಟಕದ ತಪ್ಪಲ್ಲ. ಆದರೆ ತಾಲ್ಲೂಕಿನ ಡಾಕ್ಟರಿಗೆ ವಾಪಸು ಒಂದು ಚೀಟಿ ಬರೆದು ತಿಳಿಸುವ ಪದ್ಧತಿ ಇಲ್ಲಿಲ್ಲ, ಅದು ಬೇಕು.

ಬೇಡದ ಆಪರೇಷನ್ ಮಾಡದಿರುವುದರಲ್ಲೂ ಇವರು ಗಟ್ಟಿ. ಮುಂದೊಗಲು ಹಿಂದೆ ಸರಿಯುವುದಿಲ್ಲ ಎಂದು ಬರುವ ಮಕ್ಕಳೇ ಬಹಳ. ಹುಟ್ಟಿದಾಗ ಬಹುತೇಕ ಎಲ್ಲ ಗಂಡು ಮಕ್ಕಳಿಗೂ ಅದು ಸರಿಯುವುದಿಲ್ಲ, ಬಲವಂತವಾಗಿ ಎಳೆದರೆ ಸೀಳಿ ಗಾಯವಾಗಿ ನಿಜವಾದ ಬಿಗಿತ ಬರುತ್ತದೆ. ಎಣ್ಣೆ-ನೀರು ಹಾಕುವಾಗ ಎಳೆಯಬಾರದು ಎಂದು ಅಜ್ಜಿಗೇ ಕೈ ತೋರಿಸಿ ಹೇಳುತ್ತಾರೆ. ಅಗತ್ಯ ಬಿದ್ದರೆ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮುಲಾಮು ನಾಲ್ಕರಿಂದ ಎಂಟು ವಾರ. ದಪ್ಪ ಮಗುವಿನ ಶಿಶ್ನ ಕೊಬ್ಬಿನಲ್ಲಿ ಹುದುಗಿ ಚಿಕ್ಕದಾಗಿ ಕಾಣುವುದೂ ಹಾಗೆಯೇ. ಅಳತೆಪಟ್ಟಿಯನ್ನು ಮೂಳೆ ತಾಗುವವರೆಗೆ ಒತ್ತಿ, ಶಿಶ್ನವನ್ನು ಮೆಲ್ಲಗೆ ನೀಳವಾಗಿ ಹಿಡಿದು ಅಳೆದರೆ ತುಂಬು ತಿಂಗಳ ಕೂಸಿಗೆ ಸರಾಸರಿ 3.5 ಸೆಂ.ಮೀ. ಇರುತ್ತದೆ, 2.5ಕ್ಕಿಂತ ಕಡಿಮೆ ಬಂದರೆ ಮಾತ್ರ ಹಾರ್ಮೋನ್ ಪರೀಕ್ಷೆಯ ಮಾತು. ಹೆಣ್ಣು ಮಕ್ಕಳ ಒಳತುಟಿ ಅಂಟಿಕೊಳ್ಳುವುದಕ್ಕೂ ಹೆಚ್ಚಿನವರಲ್ಲಿ ಏನೂ ಮಾಡಬೇಕಿಲ್ಲ.

ಹೈಪೋಸ್ಪೇಡಿಯಾಸಿನಲ್ಲಿ ನೋಡಬೇಕಾದ್ದು ಮೂರು: ತೂತು ಎಲ್ಲಿದೆ, ಶಿಶ್ನ ಕೆಳಕ್ಕೆ ಬಾಗಿದೆಯೇ, ಮುಂದೊಗಲು ಮೇಲ್ಗಡೆ ಮಾತ್ರ ಮುಸುಕಿನ ತರ ಇದೆಯೇ. ಹತ್ತರಲ್ಲಿ ಸುಮಾರು ಏಳು ಮಕ್ಕಳಿಗೆ ತೂತು ತುದಿಗೆ ಹತ್ತಿರವೇ ಇರುತ್ತದೆ. ಒಂದೇ ಆಪರೇಷನ್ನಿನಲ್ಲಿ ಮುಗಿಯುತ್ತದೆ. ಮುಖ್ಯವಾದ ಮಾತೊಂದಿದೆ: ಆ ಹೆಚ್ಚುವರಿ ಮುಂದೊಗಲೇ ರಿಪೇರಿಗೆ ಬೇಕಾದ ಬಟ್ಟೆ. ಹೊಸ ನಾಳದ ಮೇಲೆ ಹೊದಿಸುವ ಪದರ ಅಲ್ಲಿಂದಲೇ ಸಿಗುವುದು. ಆದ್ದರಿಂದ ಈ ಮಕ್ಕಳಿಗೆ ಮುಂಚೆಯೇ ಸುನ್ನತಿ ಮಾಡಿಸಬಾರದು. ಸುನ್ನತಿ ಮಾಡಿಸುವ ಮನೆಯವರು ಹಕೀಮರಿಗೋ ಡಾಕ್ಟರಿಗೋ ಮೊದಲೇ ತಿಳಿಸಿದರೆ ರಿಪೇರಿಯ ಜೊತೆಗೇ ಸುನ್ನತಿಯೂ ಆಗುತ್ತದೆ. ಘಟಕದ ಗೋಡೆಯ ಮೇಲೆ ಈ ವಿಷಯ ಕನ್ನಡ, ಉರ್ದು ಎರಡರಲ್ಲೂ ಬರೆದು ಹಾಕಿದ್ದಾರೆ. ಇದೇ ಹಾಳೆ ಊರಿನ ಹೆರಿಗೆ ಆಸ್ಪತ್ರೆಗಳ ಗೋಡೆಗೂ ಹೋಗಬೇಕಿತ್ತು.

ಆಪರೇಷನ್ನಿಗೆ ಒಳ್ಳೆಯ ವಯಸ್ಸು ಆರು ತಿಂಗಳಿಂದ ಒಂದೂವರೆ ವರ್ಷ. ಆ ವಯಸ್ಸಿನಲ್ಲಿ ಮಗು ಡೈಪರಿನಲ್ಲೇ ಇರುತ್ತದೆ, ಟ್ಯೂಬ್ ಎಳೆಯುವ ಹಟ ಕಡಿಮೆ, ನೆನಪೂ ಉಳಿಯುವುದಿಲ್ಲ. ಹಿಮೋಗ್ಲೋಬಿನ್ ಕನಿಷ್ಠ 10 ಇರಬೇಕು. ಕಡಿಮೆ ಇದ್ದರೆ ಐರನ್ ಕೊಟ್ಟು ಆಮೇಲೆ ದಿನ ಕೊಡುತ್ತಾರೆ, ಅದು ಸರಿ. ಶಿಶ್ನದ ತಲೆಯ ಅಗಲವನ್ನು ಕ್ಯಾಲಿಪರಿನಲ್ಲಿ ಅಳೆಯುತ್ತಾರೆ. 14 ಮಿ.ಮೀ.ಗಿಂತ ಕಿರಿದಾಗಿದ್ದರೆ ಹೊಲಿಗೆ ಬಿಚ್ಚುವ ಅಪಾಯ ಹೆಚ್ಚು ಎಂಬುದು ಈಗ ತಿಳಿದ ಸಂಗತಿ. ಚಿಕ್ಕದಿದ್ದರೆ ಕೆಲವು ಕಡೆ ಟೆಸ್ಟೋಸ್ಟೆರೋನ್ ಚುಚ್ಚುಮದ್ದು ಕೊಡುತ್ತಾರೆ: ಕೆ.ಜಿ.ಗೆ 2 ಮಿ.ಗ್ರಾಂ ಲೆಕ್ಕದಲ್ಲಿ ತಿಂಗಳಿಗೊಂದು, ಎರಡು-ಮೂರು ಸಲ, ಕೊನೆಯದಾದ ಮೇಲೆ ಒಂದು ತಿಂಗಳಾದರೂ ಬಿಟ್ಟು ಆಪರೇಷನ್. ಈ ಘಟಕ ಅದನ್ನು ಎಲ್ಲರಿಗೂ ಕೊಡುವುದಿಲ್ಲ, ಅಳತೆ ನೋಡಿಯೇ ಕೊಡುತ್ತದೆ. ಹಾಗೇ ಇರಬೇಕು.

ಇಲ್ಲಿ ಒಂದು ತಕರಾರು. ಹಿಂದಿನ ದಿನ ಕೊಡುವ ಚೀಟಿಯಲ್ಲಿ "ರಾತ್ರಿ ಊಟದ ನಂತರ ಏನೂ ಕೊಡಬೇಡಿ" ಎಂದಷ್ಟೇ ಇದೆ. ಹತ್ತು ತಿಂಗಳ ಕೂಸಿಗೆ ಇದು ಅನ್ಯಾಯ. ಎದೆಹಾಲಿಗೆ ನಾಲ್ಕು ಗಂಟೆ, ಹಸುವಿನ ಹಾಲು, ಗಂಜಿ, ರಾಗಿ ಸರಿಗೆ ಆರು ಗಂಟೆ, ಬರೀ ನೀರಿಗೆ ಎರಡು ಗಂಟೆ ಅಂತರ ಇದ್ದರೆ ಸಾಕು. ಬೆಳಗ್ಗೆ ಒಂಬತ್ತಕ್ಕೆ ಥಿಯೇಟರ್ ಎಂದರೆ ಐದಕ್ಕೆ ಎದೆಹಾಲು ಕೊಡಬಹುದು, ಏಳಕ್ಕೆ ಎರಡು ಚಮಚ ಸಕ್ಕರೆ ನೀರೂ ಕೊಡಬಹುದು. ಹರಪನಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಮಗು ಹನ್ನೆರಡು ಗಂಟೆ ಹಸಿದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ, ಸೂಜಿ ಹಾಕಲು ನರ ಸಿಗುವುದಿಲ್ಲ. ಚೀಟಿಯಲ್ಲಿ ಗಂಟೆ ಬರೆದುಕೊಟ್ಟರೆ ಮುಗಿಯುವ ಕೆಲಸ. ತಂದೆ-ತಾಯಿ ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಬೇಕು. ನೆಗಡಿ, ಕೆಮ್ಮು, ಡೈಪರಿನ ಜಾಗದಲ್ಲಿ ಕೆಂಪು ಗುಳ್ಳೆ ಇದ್ದರೆ ಮುಚ್ಚಿಡಬಾರದು. ದಿನ ಮುಂದೆ ಹೋಗುತ್ತದೆ, ಹೋಗಲಿ.

ಥಿಯೇಟರಿನ ಒಳಗಿನ ಕೆಲಸಕ್ಕೆ ಬರೋಣ. ಮಗುವಿಗೆ ಪೂರ್ತಿ ಅರಿವಳಿಕೆ, ಜೊತೆಗೆ ಬೆನ್ನಿನ ತುದಿಯಲ್ಲಿ ಒಂದು ಚುಚ್ಚುಮದ್ದು. ಎಚ್ಚರವಾದ ಮೇಲೂ ಕೆಲವು ಗಂಟೆ ನೋವು ತಿಳಿಯುವುದಿಲ್ಲ. ಬುಡಕ್ಕೆ ಪಟ್ಟಿ ಬಿಗಿದು ಸಲೈನ್ ಚುಚ್ಚಿ ಶಿಶ್ನವನ್ನು ಗಡುಸು ಮಾಡಿ ಬಾಗು ಎಷ್ಟಿದೆ ನೋಡುತ್ತಾರೆ. ಈ ಪರೀಕ್ಷೆ ಬಿಟ್ಟರೆ ಬಾಗು ಉಳಿದುಹೋಗುತ್ತದೆ, ಹುಡುಗ ದೊಡ್ಡವನಾದ ಮೇಲೆಯೇ ಗೊತ್ತಾಗುವುದು. ಬಾಗು ಕಡಿಮೆಯಿದ್ದರೆ, ತೂತು ತುದಿಯ ಕಡೆಗಿದ್ದರೆ ವಾರೆನ್ ಸ್ನಾಡ್‌ಗ್ರಾಸ್ 1994ರಲ್ಲಿ ಪ್ರಕಟಿಸಿದ ವಿಧಾನ. ನಾಳವಾಗದೆ ಉಳಿದ ಪಟ್ಟಿಯ ನಡುವೆ ಉದ್ದಕ್ಕೆ ಒಂದು ಗೀರು ಹಾಕಿದರೆ ಅದು ಅಗಲವಾಗುತ್ತದೆ. ಅದನ್ನು 6 ಫ್ರೆಂಚ್ ಅಳತೆಯ (2 ಮಿ.ಮೀ. ದಪ್ಪದ) ಟ್ಯೂಬಿನ ಸುತ್ತ ಸುತ್ತಿ, 7-0 ಎಂಬ ಬಹಳ ತೆಳುವಾದ ಕರಗುವ ದಾರದಲ್ಲಿ, ಚರ್ಮದ ಅಂಚು ಒಳಕ್ಕೆ ಮಡಚಿ ಎರಡು ಸುತ್ತು ಹೊಲಿಯುವುದು. ಮೇಲೆ ಮುಂದೊಗಲಿನ ಒಳಗಿನ ರಕ್ತನಾಳ ಇರುವ ಪದರವನ್ನು ತಂದು ಹೊದಿಸುವುದು. ಈ ಮೇಲುಹೊದಿಕೆಯೇ ಜೀವಾಳ. ಅದು ಇಲ್ಲದಿದ್ದರೆ, ಅಥವಾ ಅದರ ರಕ್ತ ಓಡಾಟ ಕೆಟ್ಟರೆ, ಹೊಲಿಗೆಯ ನಡುವೆ ಮೂತ್ರ ಸೋರಿ ಇನ್ನೊಂದು ತೂತು ಬೀಳುತ್ತದೆ. ಡಾಕ್ಟರು ಕಣ್ಣಿಗೆ ವರ್ಧಕ ಮಸೂರ ಹಾಕಿಕೊಳ್ಳುತ್ತಾರೆ, ರಕ್ತ ನಿಲ್ಲಿಸಲು ಎರಡು ತುದಿಯ ಬೈಪೋಲಾರ್ ಕಾಟರಿ ಮಾತ್ರ ಬಳಸುತ್ತಾರೆ. ಒಂದೇ ತುದಿಯದ್ದನ್ನು ಇಲ್ಲಿ ಬಳಸಿದರೆ ಕರೆಂಟು ಸಣ್ಣ ಅಂಗದ ಮೂಲಕ ಹಾದು ರಕ್ತನಾಳಗಳೇ ಸುಟ್ಟುಹೋಗಬಹುದು. ಇವೆಲ್ಲ ಈ ಘಟಕದಲ್ಲಿ ಸರಿಯಾಗಿವೆ.

ತೂತು ತೀರ ಬುಡದಲ್ಲಿದ್ದು, ಚರ್ಮ ಬಿಡಿಸಿದ ಮೇಲೂ ಬಾಗು 30 ಡಿಗ್ರಿಗಿಂತ ಹೆಚ್ಚಿದ್ದರೆ ಎರಡು ಹಂತ ಬೇಕಾಗುತ್ತದೆ: ಮೊದಲು ನೆಟ್ಟಗೆ ಮಾಡಿ ಮುಂದೊಗಲಿನ ಒಳಚರ್ಮವನ್ನೋ ಕೆನ್ನೆಯ ಒಳಪೊರೆಯನ್ನೋ ನಾಟಿ ಮಾಡುವುದು, ಕನಿಷ್ಠ ಆರು ತಿಂಗಳಾದ ಮೇಲೆ ನಾಳ ಕಟ್ಟುವುದು. ಒಂದೇ ಸಲಕ್ಕೆ ಮುಗಿಸಿಕೊಡಿ ಎಂದು ಮನೆಯವರು ಹಟ ಹಿಡಿಯುತ್ತಾರೆ. ಎರಡು ಹಂತ ಎಂದವರು ಸುಮ್ಮನೆ ಎಳೆಯುತ್ತಿಲ್ಲ. ಮಗುವಿನ ಹಿತವನ್ನೇ ನೋಡುತ್ತಿದ್ದಾರೆ.

ವಾರ್ಡಿನ ಸಿಸ್ಟರುಗಳಿಗೆ ಪೂರ್ತಿ ಮೆಚ್ಚುಗೆ. ಎರಡು ಡೈಪರ್ ಹಾಕುವ ಪದ್ಧತಿಯನ್ನು ಅವರು ತಾಯಿಯ ಕೈಯಲ್ಲೇ ಮಾಡಿಸುತ್ತಾರೆ. ಒಳಗಿನ ಸಣ್ಣ ಡೈಪರಿನ ಮುಂಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಕತ್ತರಿಸಿ, ಟ್ಯೂಬಿನ ತುದಿಯನ್ನು ಅದರಿಂದ ಹೊರಗೆ ತಂದು, ಮೇಲೆ ಒಂದು ಸೈಜು ದೊಡ್ಡ ಡೈಪರ್. ಕಕ್ಕಸ್ಸು ಒಳಗಿನದರಲ್ಲಿ, ಮೂತ್ರ ಹೊರಗಿನದರಲ್ಲಿ. ಎರಡೂ ಬೆರೆಯದಿದ್ದರೆ ಗಾಯಕ್ಕೆ ಸೋಂಕು ಹತ್ತುವ ಭಯ ಕಡಿಮೆ. "ಯಕ್ಕಾ, ಹೊರಗಿಂದು ಮುಟ್ಟಿ ನೋಡ್ತಾ ಇರ್ರಿ, ಮೂರು ತಾಸು ಒಣಗಿದ್ರೆ ನನ್ನ ಕರೀರಿ" ಎಂಬ ಒಂದು ಮಾತು ದೊಡ್ಡ ಪುಸ್ತಕದ ಒಂದು ಅಧ್ಯಾಯಕ್ಕೆ ಸಮ. ಒಣಗಿದರೆ ಟ್ಯೂಬ್ ಮಡಚಿದೆ ಅಥವಾ ಕಟ್ಟಿದೆ ಎಂದರ್ಥ. ಮೂತ್ರ ಟ್ಯೂಬಿನ ಪಕ್ಕದಿಂದ ಹೊಸ ಹೊಲಿಗೆಯ ಮೇಲೆ ನುಗ್ಗುತ್ತದೆ. ಮೊದಲು ಮಡಿಕೆ ಬಿಡಿಸಿ ನೋಡಬೇಕು, ಆಮೇಲೆ ಸಿಸ್ಟರು 2-3 ಮಿ.ಲೀ. ಸಲೈನಿನಲ್ಲಿ ಮೆಲ್ಲಗೆ ತೊಳೆಯುತ್ತಾರೆ. ಮನೆಯಲ್ಲಿ ಇದನ್ನು ಯಾರೂ ಮಾಡಬಾರದು.

ಟ್ಯೂಬ್ ಇದ್ದಾಗ ಮೂತ್ರಕೋಶ ಹಿಂಡಿದಂತಾಗಿ ಮಗು ಕಾಲು ಮಡಚಿ ಚೀರುತ್ತದೆ. ಅದಕ್ಕೆ ಆಕ್ಸಿಬ್ಯುಟಿನಿನ್ ಸಿರಪ್ ಕೊಡುತ್ತಾರೆ. ಮಾರ್ಚಿನಿಂದ ಮೇ ತನಕ ನಮ್ಮ ಬಯಲುಸೀಮೆಯ ಬಿಸಿಲಲ್ಲಿ ಈ ಔಷಧಿ ಬಗ್ಗೆ ಎಚ್ಚರ ಬೇಕು: ಬೆವರು ಬರುವುದನ್ನು ತಡೆಯುತ್ತದೆ, ತಗಡಿನ ಮನೆಯಲ್ಲಿ ಮಲಗಿದ ಮಗುವಿಗೆ ಮೈ ಕಾದು ಜ್ವರದಂತಾಗುತ್ತದೆ. ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ. ಮುಕ್ಕಿದರೆ ಹೊಲಿಗೆಯ ಮೇಲೆ ಒತ್ತಡ. ಅಂಬಲಿ, ಹಣ್ಣಿನ ರಸ, ಎದೆಹಾಲು ಹೆಚ್ಚು ಕೊಟ್ಟು, ಎರಡನೇ ದಿನವೂ ಮಲ ಆಗದಿದ್ದರೆ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಕೇಳಬೇಕು. ಈ ಎಚ್ಚರಿಕೆಯನ್ನು ವಾರ್ಡಿನಲ್ಲಿ ಬಾಯಿಮಾತಿನಲ್ಲಿ ಹೇಳುತ್ತಾರೆ, ಚೀಟಿಯಲ್ಲಿಲ್ಲ.

ಏಳನೇ ದಿನದ ಆಚೀಚೆ ಟ್ಯೂಬ್ ತೆಗೆಯುತ್ತಾರೆ. ಆ ಮೇಲೆ ಒಂದೆರಡು ದಿನ ಮೂತ್ರ ಸಿಡಿಯುವುದು, ಉರಿಯಿಂದ ಅಳುವುದು ಸಹಜ. ನೂಲಿನೆಳೆಯಂಥ ಸಣ್ಣ ಧಾರೆ, ಮುಕ್ಕಿ ಮುಕ್ಕಿ ಹೊಯ್ಯುವುದು, ಎರಡು ಕಡೆಯಿಂದ ಹನಿಯುವುದು ಸಹಜವಲ್ಲ. ಬಾಯಿ ಕಿರಿದಾದರೆ ಹಿಂದಿನ ಒತ್ತಡ ಹೆಚ್ಚಿ ಹೊಲಿಗೆಯಲ್ಲಿ ತೂತು ಬೀಳುತ್ತದೆ. ಎಷ್ಟೋ ಸಲ ಎರಡೂ ಒಟ್ಟಿಗೇ ಇರುತ್ತವೆ. ತೂತು ಬಿದ್ದರೆ ಮರುವಾರವೇ ಮುಚ್ಚಲು ಹೋಗಬಾರದು. ಊತ ಇಳಿದು ಚರ್ಮ ಮೆತ್ತಗಾಗಲು ಆರು ತಿಂಗಳು ಬೇಕು. ಅವಸರದಲ್ಲಿ ಹೊಲಿದದ್ದು ಮತ್ತೆ ಬಿಚ್ಚುತ್ತದೆ.

ಈಗ ಡಿಸ್ಚಾರ್ಜ್ ಹಾಳೆ. ನಮ್ಮ ದೊಡ್ಡ ಅಸಮಾಧಾನ ಇಲ್ಲೇ. "ಹೈಪೋಸ್ಪೇಡಿಯಾಸ್ ರಿಪೇರಿ ಮಾಡಲಾಗಿದೆ, ಒಂದು ವಾರದ ನಂತರ ಬರುವುದು" ಎಂಬ ಒಂದು ಸಾಲು. ಮುಂದೆ ತೊಂದರೆಯಾಗಿ ಮಗು ಬೇರೆ ಕಡೆಗೆ ಹೋದರೆ ಆ ಡಾಕ್ಟರಿಗೆ ಕೈಯಲ್ಲಿ ಏನೂ ಇರುವುದಿಲ್ಲ. ಹಾಳೆಯಲ್ಲಿ ಇರಬೇಕಾದ್ದು: ತೂತು ಮೊದಲು ಎಲ್ಲಿತ್ತು, ಬಾಗು ಎಷ್ಟು ಡಿಗ್ರಿ, ಹೇಗೆ ನೆಟ್ಟಗೆ ಮಾಡಿದರು, ಶಿಶ್ನದ ತಲೆಯ ಅಗಲ, ಯಾವ ವಿಧಾನ, ಮೇಲುಹೊದಿಕೆ ಎಲ್ಲಿಂದ ತಂದರು, ದಾರ ಯಾವುದು, ಟ್ಯೂಬಿನ ಗಾತ್ರ, ವೃಷಣ ಎರಡೂ ಇಳಿದಿದ್ದವೇ. ಇದೆಲ್ಲ ಕೇಸ್‌ಶೀಟಿನಲ್ಲಿ ಬರೆದೇ ಇರುತ್ತದೆ, ಅದರ ಜೆರಾಕ್ಸ್ ಕೊಟ್ಟರೂ ಆಗುತ್ತದೆ. ಕೇಳಿದವರಿಗೆ ಕೊಡುತ್ತಾರೆ, ಕೇಳದವರಿಗೆ ಇಲ್ಲ. ಮರುಭೇಟಿಯೂ ಒಂದು ತಿಂಗಳಿಗೇ ನಿಂತುಹೋಗುತ್ತದೆ. ಹುಡುಗ ನಿಂತು ಮೂತ್ರ ಮಾಡಲು ಕಲಿತಾಗ ಒಮ್ಮೆ, ಮೀಸೆ ಬರುವ ವಯಸ್ಸಿನಲ್ಲಿ ಒಮ್ಮೆ ನೋಡಲೇಬೇಕು. ಬೆಳೆಯುವಾಗ ಬಾಗು ಮತ್ತೆ ಕಾಣಿಸಿಕೊಳ್ಳಬಹುದು.

ಮೂರನೆಯ ವಿಷಯ ಎಲ್ಲಕ್ಕಿಂತ ತುರ್ತಿನದು. ಹೆರಿಗೆ ಕೋಣೆಯಲ್ಲಿ ಕೂಸನ್ನು ಎತ್ತಿ ನೋಡಿದಾಗ ಶಿಶ್ನದಂಥ ಅಂಗ ಇದೆ, ತೂತು ಬುಡದಲ್ಲಿದೆ, ಚೀಲದಲ್ಲಿ ಎರಡು ಕಡೆಯೂ ವೃಷಣ ಕೈಗೆ ಸಿಗುವುದಿಲ್ಲ ಎಂದರೆ "ಗಂಡು" ಎಂದು ಘೋಷಿಸಬಾರದು. ಆ ಕೂಸು ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿರುವ ಹೆಣ್ಣಾಗಿರಬಹುದು. ಅಡ್ರಿನಲ್ ಗ್ರಂಥಿಯಲ್ಲಿ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಇಲ್ಲದೆ ಗಂಡು ಹಾರ್ಮೋನ್ ಹೆಚ್ಚಾಗಿ ಹೊರ ಅಂಗ ಹಾಗೆ ಬೆಳೆದಿರಬಹುದು. ಇದಕ್ಕೆ ಸಿಎಎಚ್ ಎನ್ನುತ್ತಾರೆ. ಈ ಮಕ್ಕಳಲ್ಲಿ ಹೆಚ್ಚಿನವರ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ. ಎರಡು-ಮೂರನೇ ವಾರದಲ್ಲಿ ವಾಂತಿ, ಹಾಲು ಬಿಡುವುದು, ಮಂಕು, ಸೋಡಿಯಂ ಕುಸಿದು ಪೊಟ್ಯಾಸಿಯಂ ಏರುವುದು. ವಾಂತಿ-ಭೇದಿ ಎಂದುಕೊಂಡು ಬರೀ ಡ್ರಿಪ್ ಹಾಕಿ ಕೂತರೆ ಕೂಸು ಉಳಿಯುವುದಿಲ್ಲ. ಇದೇ ಕಾಯಿಲೆಯ ಗಂಡು ಕೂಸುಗಳಿಗೆ ಹೊರಗೆ ಯಾವ ಗುರುತೂ ಇರುವುದಿಲ್ಲ, ಹಾಗಾಗಿ ಅವು ಇನ್ನೂ ಬೇಗ ಕೈತಪ್ಪುತ್ತವೆ. ಹುಟ್ಟಿದ ಎಲ್ಲ ಮಕ್ಕಳ ಹಿಮ್ಮಡಿ ರಕ್ತ ಪರೀಕ್ಷೆ ಬೇಕು ಎನ್ನುವುದು ಇದಕ್ಕೇ.

ಈ ಘಟಕಕ್ಕೆ ಇಂಥ ಕೂಸು ಬಂದಾಗ ಏನು ಮಾಡುತ್ತಾರೆ? ಹೊಟ್ಟೆಯ ಸ್ಕ್ಯಾನ್ ಅದೇ ದಿನ. ತಾಯಿಯ ಹಾರ್ಮೋನಿನಿಂದ ನವಜಾತ ಹೆಣ್ಣಿನ ಗರ್ಭಕೋಶ ದಪ್ಪಗಿರುವುದರಿಂದ ಈ ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ. ವೃಷಣಕ್ಕೆ ಬೇಡವಾದ ಸ್ಕ್ಯಾನ್ ಇಲ್ಲಿ ಬೇಕೇ ಬೇಕು. ಸಿಎಎಚ್ ಇದ್ದರೆ ರಕ್ತದಲ್ಲಿ ಏರುವ 17-ಹೈಡ್ರಾಕ್ಸಿ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನಿನ ಪರೀಕ್ಷೆಗೆ ರಕ್ತ 48 ಗಂಟೆಯ ನಂತರ. ಅದಕ್ಕೂ ಮೊದಲು ಎಲ್ಲ ಕೂಸುಗಳಲ್ಲೂ ಅದು ಹೆಚ್ಚೇ ಇರುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆಯನ್ನು ಒಮ್ಮೆ ನೋಡಿ ಬಿಡದೆ ಮತ್ತೆ ಮತ್ತೆ ನೋಡುತ್ತಾರೆ, ಯಾಕೆಂದರೆ ಮೊದಲ ವಾರ ಸರಿಯಾಗಿದ್ದದ್ದು ಎರಡನೇ ವಾರ ಕೆಡುತ್ತದೆ. ದಿನವೂ ತೂಕ. ಕ್ರೋಮೋಸೋಮ್ ಪರೀಕ್ಷೆಯ ರಕ್ತ ಬೆಂಗಳೂರಿಗೆ ಹೋಗುತ್ತದೆ, ತಪ್ಪು ಆಗುವುದು ಈ ಹಂತದಲ್ಲಿ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ 2 ಮಿ.ಲೀ. ಹಾಕಬೇಕು, ನೇರಳೆ ಮುಚ್ಚಳದ್ದರಲ್ಲಿ ಹಾಕಿದರೆ ಜೀವಕೋಶ ಬೆಳೆಸುವ ಕೆಲಸಕ್ಕೆ ಒದಗುವುದಿಲ್ಲ. ಐಸ್ ಗಡ್ಡೆಗೆ ನೇರ ತಾಗಿಸಿ ಕಳಿಸಿದರೆ ಕೋಶಗಳು ಸಾಯುತ್ತವೆ. ಮಾದರಿ ಹಾಳಾದರೆ ಗೊತ್ತಾಗುವುದೇ ವಾರದ ಮೇಲೆ, ಅಷ್ಟೂ ದಿನ ಮನೆಯವರು "ಏನು ಕೂಸು?" ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಕೂತಿರುತ್ತಾರೆ. ಸಂಗ್ರಹ ಕೇಂದ್ರದವರಿಗೆ ಒಂದು ಸಲ ಕೂರಿಸಿ ಕಲಿಸಿದರೆ ತಪ್ಪುವ ಸಂಕಟ ಇದು.

ಮನೆಯವರಿಗೆ ಮಾತಾಡುವ ರೀತಿ ಇಲ್ಲಿ ಬಹಳ ಒಳ್ಳೆಯದು. "ಎರಡರಲ್ಲಿ ಯಾವುದೂ ಅಲ್ಲ" ಎಂದು ಯಾರೂ ಹೇಳುವುದಿಲ್ಲ. "ಕೂಸಿನ ಅಂಗ ಪೂರ್ತಿ ಬೆಳೆದಿಲ್ಲ, ಪರೀಕ್ಷೆ ಬಂದ ಮೇಲೆ ಹೇಳ್ತೀವಿ, ಅಲ್ಲಿವರೆಗೂ ಕೂಸು ಅಂತ್ಲೇ ಕರೀರಿ" ಎನ್ನುತ್ತಾರೆ. ಜನನ ನೋಂದಣಿಗೆ 21 ದಿನ ಇದೆ, ಹೆಸರನ್ನು ಆಮೇಲೂ ಸೇರಿಸಬಹುದು. ಮೊದಲ ದಿನವೇ ಲಿಂಗ ಬರೆಸಿಬಿಟ್ಟು ಮುಂದೆ ತಿದ್ದಿಸಲು ಅಲೆಯುವುದು ಬೇಡ. ತೊಟ್ಟಿಲಿಗೆ ಹಾಕುವ ಶಾಸ್ತ್ರವನ್ನು ಒಂದು ತಿಂಗಳು ಮುಂದೂಡಿ ಎಂದೂ ಹೇಳುತ್ತಾರೆ. ಇಂಥ ಮಕ್ಕಳ ಹೊರ ಅಂಗ "ಸರಿಮಾಡುವ" ಆಪರೇಷನ್ನನ್ನು ಈ ಘಟಕ ಕೈಗೆತ್ತಿಕೊಳ್ಳುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅದು ಕೊರತೆಯಲ್ಲ, ಸರಿಯಾದ ನಿಲುವು. ತಮಿಳುನಾಡು 2019ರಲ್ಲಿ ಮದ್ರಾಸ್ ಹೈಕೋರ್ಟಿನ ತೀರ್ಪಿನ ನಂತರ, ಪ್ರಾಣಾಪಾಯ ಇಲ್ಲದ ಹೊರತು ಶಿಶುಗಳಿಗೆ ಇಂಥ ಆಪರೇಷನ್ ಮಾಡಬಾರದೆಂದು ಆದೇಶ ಹೊರಡಿಸಿತು. ಮಗು ತಾನೇ ಬಾಯಿಬಿಟ್ಟು ಹೇಳುವ ವಯಸ್ಸಿನ ತನಕ ಕಾಯಬಹುದಾದ್ದಕ್ಕೆ ಕಾಯಬೇಕು. ಕಾಯಬಾರದ್ದು ಹೈಡ್ರೋಕಾರ್ಟಿಸೋನಿಗೆ, ಅಂದರೆ ಸಿಎಎಚ್ ಕೂಸಿನ ಅಡ್ರಿನಲ್ ಗ್ರಂಥಿ ಮಾಡಲಾಗದ ಹಾರ್ಮೋನಿನ ಬದಲಿಗೆ ಕೊಡುವ ಔಷಧಿಗೆ.

ಆ ಔಷಧಿ ಶುರುವಾದರೆ ಜೀವನಪರ್ಯಂತ. ಮೈಯ ಹೊರಮೈ ವಿಸ್ತೀರ್ಣದ ಒಂದು ಚದರ ಮೀಟರಿಗೆ ದಿನಕ್ಕೆ 10ರಿಂದ 15 ಮಿ.ಗ್ರಾಂ, ಮೂರು ಭಾಗ ಮಾಡಿ. ಜೊತೆಗೆ ಮೈಯಲ್ಲಿ ಉಪ್ಪು ನಿಲ್ಲಿಸುವ ಫ್ಲುಡ್ರೊಕಾರ್ಟಿಸೋನ್, ಮೊದಲ ವರ್ಷ ದಿನಕ್ಕೆ 1-2 ಗ್ರಾಂ ಅಡುಗೆ ಉಪ್ಪು ಹಾಲಿನಲ್ಲಿ ಹಂಚಿ. ಈ ಮಾತ್ರೆಗಳು ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ; ಒಂದು ತಿಂಗಳ ದಾಸ್ತಾನು ಮನೆಯಲ್ಲಿರಬೇಕು, ಅಂಗಡಿಯವರು ಬದಲಿಗೆ ಡೆಕ್ಸಾಮೆಥಾಸೋನ್ ಎಂಬ ಇನ್ನೂ ಬಲವಾದ ಸ್ಟೀರಾಯ್ಡ್ ಕೊಟ್ಟರೆ ತೆಗೆದುಕೊಳ್ಳಬಾರದು, ಬೆಳವಣಿಗೆ ನಿಲ್ಲುತ್ತದೆ. ಜ್ವರ ಬಂದ ದಿನ ಡೋಸ್ ಮೂರು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಮೂರು ವರ್ಷದೊಳಗಿನ ಮಗುವಿಗೆ 25 ಮಿ.ಗ್ರಾಂ ಚುಚ್ಚುಮದ್ದು ಕೊಡಿಸಿಯೇ ಬಸ್ಸು ಹತ್ತಬೇಕು. ಇದನ್ನೆಲ್ಲ ಕನ್ನಡದಲ್ಲಿ ಅಚ್ಚು ಹಾಕಿಸಿದ ಕಾರ್ಡ್ ಇಲ್ಲಿ ಕೊಡುತ್ತಾರೆ. ಹೈಪೋಸ್ಪೇಡಿಯಾಸಿಗೆ ಇಲ್ಲದ ಶ್ರದ್ಧೆ ಇದಕ್ಕಿದೆ ಎನ್ನುವುದೇ ಸಮಾಧಾನ. ಹಾರ್ಮೋನ್ ತಜ್ಞರ ಸಲಹೆಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಬರೆದುಕೊಡುತ್ತಾರೆ. ಊರಿಂದ 260 ಕಿ.ಮೀ. ಆಗುತ್ತದೆ, ಇದಕ್ಕೆ ಮಾತ್ರ ಹೋಗಲೇಬೇಕು.

ಹೆರಿಗೆ ವಾರ್ಡಿನ ಕಣ್ಣು ಎಂದು ಮೊದಲೇ ಹೇಳಿದೆವಲ್ಲ, ಅದಕ್ಕೆ ಒಂದು ಮೂಲ ಕಾರಣವೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಸ್ಥಿತಿಗಳ ಮೂಲ ಪಟ್ಟಿಯಲ್ಲಿ ಹುಟ್ಟುದೋಷಗಳು ಒಂಬತ್ತು. ಸೀಳುತುಟಿ, ಸೊಟ್ಟಪಾದ, ಹೃದಯದ ತೊಂದರೆ ಎಲ್ಲ ಇವೆ. ಜನನಾಂಗದ ದೋಷದ ಹೆಸರು ಅದರಲ್ಲಿಲ್ಲ. ಪಟ್ಟಿ ಹಿಡಿದು ನೋಡುವವರು ಪಟ್ಟಿಯಲ್ಲಿಲ್ಲದ್ದನ್ನು ಬಟ್ಟೆ ಬಿಚ್ಚಿ ನೋಡುವುದು ಕಡಿಮೆ. ಹುಟ್ಟಿದ 24 ಗಂಟೆಯೊಳಗೆ ಮೂರು ಸಾಲು ಬರೆದರೆ ಸಾಕು: ಮೂತ್ರದ ತೂತು ತುದಿಯಲ್ಲಿದೆ, ವೃಷಣ ಎರಡೂ ಚೀಲದಲ್ಲಿವೆ, ಮೂತ್ರ-ಮಲ ಆಗಿದೆ. ಹೆಣ್ಣಾದರೆ ಯೋನಿದ್ವಾರ, ಮೂತ್ರದ್ವಾರ, ಗುದದ್ವಾರ ಬೇರೆ ಬೇರೆಯಾಗಿ ಕಾಣುತ್ತವೆ. ತಾಯಿ ಕಾರ್ಡಿನಲ್ಲಿ ಈ ಸಾಲುಗಳನ್ನು ಬರೆಸಿಕೊಂಡೇ ಮನೆಗೆ ಹೋಗಿ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ ಸೌಲಭ್ಯ ಇದೆ. ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ದಾಖಲಾದರೆ ಹಣ ಕೈಯಿಂದಲೇ ಹೋಗುತ್ತದೆ. ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಇನ್ನೂ ಸೇರಿಲ್ಲದಿದ್ದರೆ ಜನನ ಪ್ರಮಾಣಪತ್ರ, ತಾಯಿಯ ಆಧಾರ್ ಎರಡನ್ನೂ ತನ್ನಿ, ಕೌಂಟರಿನ ಆರೋಗ್ಯ ಮಿತ್ರರು ದಾರಿ ಹೇಳುತ್ತಾರೆ. ಒಪಿಡಿಗೆ ಬರುವಾಗ ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆ, ಮೊದಲು ಎಲ್ಲಾದರೂ ಆಪರೇಷನ್ ಆಗಿದ್ದರೆ ಅದರ ನೋಟು ಜೊತೆಗಿರಲಿ. ಮಗು ಮೂತ್ರ ಮಾಡುವ ಧಾರೆಯನ್ನು ಮುಖ ಕಾಣದಂತೆ ಮೊಬೈಲಿನಲ್ಲಿ ಹತ್ತು ಸೆಕೆಂಡು ಹಿಡಿದು ತಂದರೆ ಡಾಕ್ಟರಿಗೆ ಬಹಳ ಸಹಾಯ, ನೋಡಿಸಿದ ಮೇಲೆ ಅಳಿಸಿಬಿಡಿ. ಒಪಿಡಿಯಲ್ಲಿ ಕೂತಾಗ ಮಗು ಬೇಕೆಂದಾಗ ಹೊಯ್ಯುವುದಿಲ್ಲ.